ಭಾವ ಮಾತಾಡದೆ ಆಡಿದ ಆಟ

ನಮ್ಮ ಭಾವ ಆಂಬ್ರೋಸ್ ಡಿಟ್ಮಾರ್ ಮಾತು ಶುರುವಿಟ್ಟುಕೊಂಡರೆ ಕಾರ್ಖಾನೆಯ ಸಿಳ್ಳೂ ಕೇಳಿಸುತ್ತಿರಲಿಲ್ಲ. ವಾರವೆಲ್ಲ ವೆಲ್‌ಮಂಟಿನ ಪಿಂಗಾಣಿ ಕಾರ್ಖಾನೆಯಲ್ಲಿ ತಟ್ಟೆ ಬಟ್ಟಲುಗಳನ್ನು ಸುಡುವ ಗೂಡಿಗೆ ಜೋಡಿಸುವ ಕೆಲಸ. ಭಾನುವಾರ ಚರ್ಚಿನಲ್ಲಿ ಬಲಿಪೂಜೆ ಮುಗಿದ ಕೂಡಲೇ ಫುಟ್‌ಬಾಲ್. ಚೆಂಡನ್ನು ಕಂಕುಳಲ್ಲಿ ಇರುಕಿಕೊಂಡು ಒಬ್ಬರ ಮೇಲೊಬ್ಬರು ಬೀಳುವ ನಮ್ಮ ಓಹಾಯೋದ ಫುಟ್‌ಬಾಲ್. ಇದಕ್ಕೆ ದುಡ್ಡು ಬೇರೆ ಕೊಡುತ್ತಾರೆಂದರೆ ನಮ್ಮಮ್ಮ ಕೊನೆಯವರೆಗೂ ನಂಬಲಿಲ್ಲ. ಇಷ್ಟೊಂದು ಒದೆ ತಿನ್ನುವುದಕ್ಕೆ ಅಳಿಯನೇ ಕೈಯಿಂದ ಕೊಡುತ್ತಿರಬೇಕು ಎನ್ನುತ್ತಿದ್ದಳು.

ಭಾವ ಸೆಂಟರ್. ಸಾಲಿನ ನಟ್ಟನಡುವೆ ಬಗ್ಗಿ, ಕಾಲುಗಳ ನಡುವಿನಿಂದ ಚೆಂಡನ್ನು ಹಿಂದಕ್ಕೆ ಎಸೆದು, ಎದುರಿನವನನ್ನು ತಳ್ಳಿ ದಾರಿ ಮಾಡಬೇಕು. ಗ್ರಾಂಟ್ಸ್ ಫೆರಿ ಊರಿನ ತಂಡ ಬಂದಾಗ ಆ ಎದುರಿನವನು ಇವಾನ್ ಪ್ರಾಥೆರೋ, ಎಮ್ಮೆಯಂಥ ಮೈಯ ಗಣಿ ಕೆಲಸಗಾರ. ಇಬ್ಬರೂ ಮೂಗಿಗೆ ಮೂಗು ತಾಗುವಂತೆ ಬಗ್ಗಿ ನಿಂತು ಮನೆವಾರ್ತೆ ಮಾತಾಡುತ್ತಿದ್ದರು. ನಮ್ಮಕ್ಕನ ಹೆರಿಗೆ, ಅವನ ಹೆಂಡತಿಯ ಮೊಣಕಾಲು ನೋವು, ಅವನ ಆಡಿನ ಕಳ್ಳಬುದ್ಧಿ, ಎಲ್ಲ ಸುದ್ದಿಯೂ ಅಲ್ಲೇ. ಮಾತಾಡುತ್ತಲೇ ಗುದ್ದಾಡುತ್ತಿದ್ದರು, ಬಿದ್ದು ಎದ್ದು ಬಿಟ್ಟಲ್ಲಿಂದ ಮುಂದುವರಿಸುತ್ತಿದ್ದರು. ಭಾವನ ತಾಯಿ ತೀರಿಕೊಂಡ ವಾರ ಮಾತ್ರ ಭಾವ ಬಾಯಿ ತೆರೆಯಲಿಲ್ಲ. ಅಂದು ಪ್ರಾಥೆರೋ ಆಟ ಮುಗಿಯುವವರೆಗೆ ಅವರನ್ನು ಮೆತ್ತಗೆ ತಳ್ಳಿದನಂತೆ.

ಹೀಗೆ ಹನ್ನೊಂದು ವರ್ಷ. ೧೯೧೬ರ ಹೊತ್ತಿಗೆ ಭಾವ ಕೆಮ್ಮಿದರೆ ಸಾಕು ಪಕ್ಕೆಲುಬುಗಳು ಸದ್ದು ಮಾಡುತ್ತಿದ್ದವು. ಬಿಟ್ಟುಬಿಡಿ ಎಂದು ಅಕ್ಕ ವಾಲ್ಬರ್ಗಾ ಗೋಗರೆದಾಗಲೆಲ್ಲ ‘ನೋಡೋಣ’ ಎನ್ನುವುದೇ ಉತ್ತರ. ಗ್ರಾಂಟ್ಸ್ ಫೆರಿಯ ಮೇಲಿನ ಆ ವರ್ಷದ ಕೊನೆಯ ಆಟಕ್ಕೆ ನಮ್ಮ ತಂಡದ ಯಜಮಾನ ಫೆಲ್ಡ್‌ಕಾಂಪ್ ಒಬ್ಬ ಕಾಲೇಜು ಹುಡುಗನನ್ನು ಬಾಡಿಗೆಗೆ ತಂದ. ಕಾಲೇಜಿಗೆ ಗೊತ್ತಾಗಬಾರದೆಂದು ಸುಳ್ಳು ಹೆಸರಿಟ್ಟು ಆಡಿಸುವುದು ಆಗೆಲ್ಲ ಮಾಮೂಲು. ಅವನನ್ನು ಸೆಂಟರಿಗೆ ನಿಲ್ಲಿಸಿ ಭಾವನಿಗೆ ಬೆಂಚು ತೋರಿಸಿದರು. ನನಗೆ ಮೈಯೆಲ್ಲ ಉರಿಯಿತು, ಆದರೂ ಬಾಯಲ್ಲಿ ಬಂದದ್ದು ಬೇರೆ.

“ಒಳ್ಳೇದೇ ಆಯ್ತು ಭಾವ. ಇದೇ ನೆಪ ಮಾಡ್ಕೊಂಡು ಬಿಟ್ಬಿಡಿ.”

“ಅಟ್ಟಿದ್ರು ಅಂತ ಬಿಡೋಕಾಗಲ್ಲ ಒಟಿಲಿ. ಮೈದಾನದಲ್ಲಿ ನಿಂತು ನಾನಾಗೇ ಬಿಡಬೇಕು. ಇವತ್ತು ಒಳಗೆ ಕರೀಲಿಲ್ಲ ಅಂದ್ರೆ ಮುಂದಿನ ವರ್ಷಾನೂ ಆಡ್ತೀನಿ.”

ಈ ಮಾತು ಅಕ್ಕನ ಕಿವಿಗೆ ಬಿತ್ತು. ಆ ಆಟದ ಹೆಸರೆತ್ತಿದರೆ ಕೆಂಡ ಕಾರುತ್ತಿದ್ದವಳು ಅಂದು ಚೆಂಡು ದಾಟಿದರೆ ಅಂಕ ಸಿಗುವ ಕೊನೆಯ ಗೆರೆಯ ಹತ್ತಿರ, ಮೈದಾನದ ಸುತ್ತ ಕಟ್ಟಿದ್ದ ಹಗ್ಗ ಹಿಡಿದು ನಿಂತು, ನನ್ನ ಗಂಡನನ್ನು ಒಳಗೆ ಕಳಿಸಪ್ಪಾ ದೇವರೇ ಎಂದು ಜಪಸರ ಎಣಿಸತೊಡಗಿದಳು. ನಾನು ನಕ್ಕರೆ ಮೊಣಕೈಯಿಂದ ತಿವಿದಳು.

ಆಟ ಮುಗಿಯುತ್ತ ಬಂದರೂ ಎರಡೂ ಕಡೆ ಅಂಕವಿಲ್ಲ. ನಮ್ಮವರು ಹೇಗೋ ಚೆಂಡನ್ನು ಅವರ ಗೆರೆಯ ಹತ್ತಿರ, ನಾವು ನಿಂತಿದ್ದ ಕಡೆಗೇ ತಂದಿದ್ದರು. ಅಷ್ಟರಲ್ಲಿ ಬಾಡಿಗೆ ಹುಡುಗನ ಕಾಲು ಉಳುಕಿತು. ಫೆಲ್ಡ್‌ಕಾಂಪ್ ಬೇರೆ ದಾರಿಯಿಲ್ಲದೆ ಭಾವನತ್ತ ಕೈ ಮಾಡಿದ. ಅಕ್ಕ ಶಿಲುಬೆಯ ಗುರುತು ಹಾಕಿಕೊಂಡಳು.

ಭಾವ ಓಡಿಬಂದು ಬಾಯಿ ತೆರೆಯುವಷ್ಟರಲ್ಲಿ ರೆಫರಿ ತುಟಿಯ ಮೇಲೆ ಬೆರಳಿಟ್ಟು ತೋರಿಸಿದ. ಬದಲಿಯಾಗಿ ಬಂದವನು ಹೊರಗಿನ ಉಪಾಯವನ್ನು ಒಳಗೆ ಹೇಳಿಕೊಡಬಾರದೆಂದು, ಚೆಂಡನ್ನು ಒಮ್ಮೆ ಆಡಿ ನಿಲ್ಲಿಸುವವರೆಗೆ ಅವನು ಮಾತಾಡುವಂತಿಲ್ಲ. ಅದು ಅಂದಿನ ಕಟ್ಟಳೆ. ಎಂದೂ ಬದಲಿಯಾಗಿ ಹೋಗದ ಭಾವನಿಗೆ ಅದು ತಟ್ಟಿದ್ದೇ ಆಗ. ತುಟಿ ಬಿಗಿದುಕೊಂಡು ಬಗ್ಗಿದರು.

ಎದುರಿಗೆ ಪ್ರಾಥೆರೋ ಕಾದ. ಭಾವ ಆಡಿನ ವಿಷಯ ಕೇಳಲಿಲ್ಲ. ಮೊಣಕಾಲಿನ ವಿಷಯವೂ ಇಲ್ಲ. ಅವನ ಮುಖ ಸಣ್ಣಗಾಯಿತು.

“ಆಂಬ್ರೋಸ್, ಏನಾಯ್ತೋ? ಮನೇಲಿ ಯಾರಿಗಾದ್ರೂ...” ಎನ್ನುತ್ತ ತಲೆಯೆತ್ತಿ ನೆಟ್ಟಗೆ ನಿಂತೇಬಿಟ್ಟ.

ಚೆಂಡು ಹಿಂದಕ್ಕೆ ಹೋಯಿತು. ನೆಟ್ಟಗೆ ನಿಂತವನನ್ನು ಬೀಳಿಸುವುದು ಭಾವನಿಗೆ ಯಾವ ಲೆಕ್ಕ? ಒಂದೇ ನೂಕಿಗೆ ಕೆಡವಿದರು, ನಮ್ಮ ಓಟಗಾರ ಅವರಿಬ್ಬರನ್ನೂ ತುಳಿದುಕೊಂಡು ಗೆರೆ ದಾಟಿದ. ವೆಲ್‌ಮಂಟಿಗೆ ವೆಲ್‌ಮಂಟೇ ಕುಣಿಯಿತು. ಎಷ್ಟೋ ಟೋಪಿಗಳು ಹಾರಿ ಕೆಸರಿಗೆ ಬಿದ್ದವು. ನಾನೂ ಕುಣಿದೆ, ಸುಳ್ಳೇಕೆ ಹೇಳಲಿ.

ಅವರಿಬ್ಬರು ಮಾತ್ರ ಕೆಸರಿನಲ್ಲೇ ಕೂತಿದ್ದರು. ಪ್ರಾಥೆರೋಗೆ ಕೋಪವೇ ಬಂದಿರಲಿಲ್ಲ. ಬಾಯಲ್ಲಿದ್ದ ಮಣ್ಣು ಉಗಿದು ಭಾವನ ತೋಳು ಹಿಡಿದುಕೊಂಡ.

“ಈಗಾದ್ರೂ ಹೇಳೋ. ವಾಲ್ಬರ್ಗಾ ಚೆನ್ನಾಗಿದಾಳೆ ತಾನೇ?”

“ಎಲ್ಲಾ ಚೆನ್ನಾಗಿದಾರೆ ಕಣೋ. ಮಾತಾಡಬಾರದು ಅಂತ ರೂಲ್ಸು, ಅಷ್ಟೇ.” ಭಾವ ಎದೆ ತುಂಬ ಉಸಿರೆಳೆದುಕೊಂಡರು. “ನಾನು ಇವತ್ತಿಗೆ ಆಟ ಬಿಟ್ಟೆ, ಇವಾನ್.”

ಅಕ್ಕ ನನ್ನ ಕೈಯನ್ನು ನೋಯುವಷ್ಟು ಬಿಗಿಯಾಗಿ ಹಿಡಿದಳು. ಹನ್ನೊಂದು ವರ್ಷದಿಂದ ಅವಳು ಕಾದಿದ್ದ ಮಾತು ಅದು.

ಪ್ರಾಥೆರೋ ಗಲ್ಲದ ಕೆಸರು ಒರೆಸಿಕೊಂಡ. ಆಮೇಲೆ ಕೇಳಿದ, “ಹಂಗಾದ್ರೆ ಇನ್ಮೇಲೆ ನಿಮ್ಮನೆ ಸುದ್ದಿ ನಂಗೆ ಯಾರು ಹೇಳ್ತಾರೆ?”

ಭಾವ ಬಾಯಿ ತೆರೆಯುವುದಕ್ಕೂ ಬಿಡದೆ ಅಕ್ಕ ಲಂಗ ಎತ್ತಿ ಹಿಡಿದು ಹಗ್ಗ ದಾಟಿ ಆ ಕೆಸರಿನೊಳಗೇ ನಡೆದುಹೋದಳು. ಮುಂದಿನ ಭಾನುವಾರ ಹೆಂಡತಿಯನ್ನೂ ಕರೆದುಕೊಂಡು ಊಟಕ್ಕೆ ಬಾ ಎಂದು ಅವನಿಗೆ ಹೇಳಿದಳು.