ಪರದೆಯ ಮುಂದೆ ಇದ್ದವರು

ಈ ಕತೆಯನ್ನು ನಮ್ಮ ಮನೆಯಲ್ಲಿ ಇಬ್ಬರು ಹೇಳುತ್ತಾರೆ. ಅಮ್ಮ ಹೇಳಿದರೆ ಅದು ನಗುವಿನ ಕತೆ. ಅರ್ಧಕ್ಕೆ ಬಂದಾಗ ಒಲೆಯ ಮೇಲೆ ಏನೋ ಇಟ್ಟಿದ್ದೇನೆ ಎಂದು ಎದ್ದುಹೋಗುತ್ತಾಳೆ. ಉಳಿದರ್ಧವನ್ನು ಅತ್ತೆ ಹೇಳುತ್ತಾರೆ, ಅದೂ ಕೇಳಿದರೆ ಮಾತ್ರ, ಕೈಯಲ್ಲಿ ಏನಾದರೂ ಕೆಲಸ ಇದ್ದರೆ ಮಾತ್ರ. ನಾನು ಆಗ ಹುಟ್ಟಿರಲಿಲ್ಲ. ಎರಡನ್ನೂ ಸೇರಿಸಿ ಬರೆಯಲೇ ಎಂದು ಅತ್ತೆಯನ್ನು ಕೇಳಿದೆ. ‘ಬರಿ. ನನ್ನನ್ನ ಒಳ್ಳೆಯವಳು ಮಾಡೋಕೆ ಮಾತ್ರ ಹೋಗ್ಬೇಡ’ ಎಂದರು.

ಅತ್ತೆ ಎಂದರೆ ಅಪ್ಪನ ಅಕ್ಕ. ಮದುವೆ ಬೇಡವೆಂದು ತಮ್ಮನ ಮನೆಯಲ್ಲೇ ಉಳಿದವರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದರು. ತಲೆಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಎದುರಿನ ಬೋರ್ಡಿನ ತೂತುಗಳಿಗೆ ಒಂದೊಂದೇ ವೈರು ಚುಚ್ಚಿ, ಅಂಗಡಿಯವನನ್ನು ಗಿರಾಕಿಗೆ, ತಾಯಿಯನ್ನು ಮಗಳಿಗೆ ಸೇರಿಸುವ ಕೆಲಸ. ಎರಡೂ ಕಡೆಯವರು ಮಾತು ಶುರು ಮಾಡಿದರೆಂದು ತಿಳಿದ ಕೂಡಲೇ ಆಪರೇಟರ್ ತನ್ನ ಕಿವಿಯ ಸ್ವಿಚ್ಚನ್ನು ಮುಚ್ಚಬೇಕು. ಅದು ಆ ಕೆಲಸದ ಮರ್ಯಾದೆ. ಕೆಲವರು ಮುಚ್ಚುತ್ತಿರಲಿಲ್ಲ, ಊರಿನ ಸುದ್ದಿಯೆಲ್ಲ ಅವರ ಊಟದ ಡಬ್ಬಿಯ ಜೊತೆ ತೆರೆದುಕೊಳ್ಳುತ್ತಿತ್ತು. ಅತ್ತೆ ಮುಚ್ಚುತ್ತಿದ್ದರು. ‘ನಮ್ಮಕ್ಕನ ಕಿವಿಗೆ ಬಿದ್ದದ್ದು ಅಲ್ಲೇ ಜೀರ್ಣ’ ಎಂದು ಅಪ್ಪ ಹೆಮ್ಮೆಯಿಂದ ಹೇಳುತ್ತಿದ್ದ.

ಆಮೇಲೆ ಎಕ್ಸ್‌ಚೇಂಜಿಗೆ ತಾನೇ ನಂಬರು ಕೂಡಿಸುವ ಯಂತ್ರಗಳು ಬಂದವು. ಹಳೆಯ ಬೋರ್ಡನ್ನು ಬಿಚ್ಚಿ ಹಿತ್ತಲಿಗೆ ಸಾಗಿಸಿದರು. ಅತ್ತೆಯನ್ನು ಬಿಲ್ಲು ಕಟ್ಟಿಸಿಕೊಳ್ಳುವ ಕಿಟಕಿಗೆ ಹಾಕಿದರು. ಗಾಜಿಗೆ ಅಂಗೈಯಷ್ಟು ಕಿಂಡಿ. ಅದರೊಳಗೆ ಕೈಗಳು ಬರುತ್ತಿದ್ದವು, ಮುಖಗಳು ಹೊರಗೇ ಉಳಿಯುತ್ತಿದ್ದವು. ದಿನವಿಡೀ ಮಾತಾಡಿದರೂ ಯಾರನ್ನೂ ಯಾರಿಗೂ ಸೇರಿಸಿದ ಹಾಗಾಗುವುದಿಲ್ಲ ಎನ್ನುವುದು ಅತ್ತೆಯ ಕೊರಗು.

ಆ ದಿನಗಳಲ್ಲೇ ಯಾವುದೋ ಪತ್ರಿಕೆಯಲ್ಲಿ ಬುಲೆಟಿನ್ ಬೋರ್ಡಿನ ವಿಷಯ ಓದಿದರು. ಮನೆಯ ಒಂದು ಕಂಪ್ಯೂಟರನ್ನು ಮೋಡೆಮ್ ಎಂಬ ಪೆಟ್ಟಿಗೆಯ ಮೂಲಕ ಫೋನಿಗೆ ಸೇರಿಸಿಟ್ಟರೆ, ಬೇರೆ ಮನೆಗಳಲ್ಲಿ ಕಂಪ್ಯೂಟರ್ ಇರುವವರು ಆ ನಂಬರಿಗೆ ಫೋನು ಮಾಡಿ ಒಳಗೆ ಬರಬಹುದು. ಸೂಚನೆ ಹಚ್ಚಬಹುದು, ಇನ್ನೊಬ್ಬರು ಹಚ್ಚಿದ್ದನ್ನು ಓದಬಹುದು, ಬೋರ್ಡು ಇಟ್ಟ ಮನೆಯವರನ್ನು ಕರೆದು ಅಕ್ಷರದಲ್ಲೇ ಮಾತಾಡಬಹುದು. ‘ಒಂದು ಬೋರ್ಡು ಕಿತ್ತುಕೊಂಡ್ರು, ನಾನೇ ಇನ್ನೊಂದು ಹಾಕ್ತೀನಿ’ ಎಂದರು ಅತ್ತೆ. ಅಪ್ಪನಿಗೆ ತಲೆಬುಡ ತಿಳಿಯಲಿಲ್ಲ, ಆದರೆ ಅಕ್ಕನ ಮುಖದಲ್ಲಿ ಕಳೆ ಬಂದದ್ದು ಕಾಣಿಸಿತು. ಮುಚ್ಚಿಹೋದ ಒಂದು ಆಫೀಸಿನಿಂದ ಹಳೆಯ ಕಂಪ್ಯೂಟರನ್ನು ತಾನೇ ಹೊತ್ತು ತಂದ.

ಮೋಡೆಮ್ ತಂದುಕೊಟ್ಟವರು ಎಕ್ಸ್‌ಚೇಂಜಿನ ಮೆಕ್ಯಾನಿಕ್. ಅತ್ತೆಗಿಂತ ತುಸು ಚಿಕ್ಕವರು. ಕೆಟ್ಟುಹೋದ ಬಿಡಿಭಾಗಗಳನ್ನೆಲ್ಲ ಮನೆಗೆ ಒಯ್ದು ಜೋಡಿಸಿ ಒಂದು ಕಂಪ್ಯೂಟರ್ ಮಾಡಿಕೊಂಡಿದ್ದರು. ಅವರಿಗೆ ಉಗ್ಗು. ಮಾತಿನ ಮೊದಲ ಅಕ್ಷರದಲ್ಲೇ ಬಾಗಿಲು ಸಿಕ್ಕಿಹಾಕಿಕೊಂಡ ಹಾಗೆ ನಿಂತುಬಿಡುತ್ತಿದ್ದರು. ಎದುರಿಗಿದ್ದವರು ಅಷ್ಟರಲ್ಲಿ ಉಳಿದ ಮಾತನ್ನು ತಾವೇ ಹೇಳಿ ಮುಗಿಸುತ್ತಿದ್ದರು. ಎಲ್ಲರಿಗಿಂತ ಮುಂದೆ ಅವರ ಸೂಪರ್‌ವೈಸರ್. ಕೆಟ್ಟ ಮನುಷ್ಯ ಅಲ್ಲ, ತಡೆದುಕೊಳ್ಳುವುದು ಅವರ ಜಾಯಮಾನವಲ್ಲ. ‘ರಜೆ ತಾನೆ? ತಗೋಳಯ್ಯ, ತಗೋ’ ಎಂದು ಬೆನ್ನು ತಟ್ಟಿ ಕಳಿಸುತ್ತಿದ್ದರು. ಕೇಳಲು ಬಂದದ್ದು ರಜೆಯೋ ಅಲ್ಲವೋ, ಮೆಕ್ಯಾನಿಕ್ ತಲೆಯಾಡಿಸಿ ಹೋಗುತ್ತಿದ್ದರು.

ವಾರಗಟ್ಟಲೆ ಅವರೂ ಅತ್ತೆಯೂ ಬೋರ್ಡು ಕಟ್ಟಿದರು. ಸಂಜೆ ಅವರು ಬಂದು ಮುಂದಿನ ಕೋಣೆಯಲ್ಲಿ ನೆಲದ ಮೇಲೆ ಕೂತು ಕೆಲಸ ಮಾಡುತ್ತಿದ್ದರು. ಅತ್ತೆ ಪರದೆಯ ಮೇಲೆ ಚುಕ್ಕಿಗಳಿಂದಲೂ ಗೆರೆಗಳಿಂದಲೂ ಒಂದು ಬಾಗಿಲು ಬಿಡಿಸಿ, ಅದರ ಮೇಲೆ ‘ಮಾತಿನ ಮನೆ’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರು. ನಮ್ಮ ಅಕ್ಷರ ಆ ಯಂತ್ರಕ್ಕೆ ಬರುತ್ತಿರಲಿಲ್ಲ. ಮೊದಲ ವಾರ ಅದು ಯಾರ ಫೋನು ಬಂದರೂ ತಾನೇ ಎತ್ತಿ ಕಿರುಚುತ್ತಿತ್ತು. ಅಮ್ಮನ ಅಕ್ಕ ಒಂದು ದಿನ ಗಾಬರಿಯಾಗಿ ಮನೆಗೇ ಬಂದುಬಿಟ್ಟರು.

‘ಏನೇ ಇದು, ಫೋನು ಮಾಡಿದ್ರೆ ಯಾರೋ ಬೆಕ್ಕಿನ ಬಾಲ ತುಳಿದ ಹಾಗೆ ಕಿರುಚ್ತಾರೆ?’

‘ಬೆಕ್ಕಲ್ಲ ಅಕ್ಕ, ನಮ್ಮತ್ತಿಗೆಯ ಕಂಪ್ಯೂಟರ್.’

‘ಹಂಗಾದ್ರೆ ಅದಕ್ಕೊಂದಿಷ್ಟು ಹಾಲು ಹಾಕ್ರೇ, ಪಾಪ.’

ಅಮ್ಮ ಈ ಮಾತನ್ನು ಹೇಳುವಾಗ ಈಗಲೂ ಸೆರಗು ಬಾಯಿಗೆ ಹಿಡಿದು ನಗುತ್ತಾಳೆ. ಆಮೇಲೆ ಹೊತ್ತು ಗೊತ್ತುಮಾಡಿದರು: ಸಂಜೆ ಸ್ವಲ್ಪ ಹೊತ್ತು, ಭಾನುವಾರ ಮಧ್ಯಾಹ್ನ. ಮಿಕ್ಕ ವೇಳೆ ಪೆಟ್ಟಿಗೆಯ ವೈರು ಕಿತ್ತಿಡುವುದು.

ಮೊದಲ ಕರೆ ಮೆಕ್ಯಾನಿಕ್ಕರದೇ ಆಗಬೇಕಿತ್ತು, ಅವರ ಮನೆಯಿಂದ. ‘ಭಾನುವಾರ ನಾವಿಬ್ರೇ ಪರೀಕ್ಷೆ ಮಾಡೋಣ. ಸರಿಯಾದ್ಮೇಲೆ ಎಲ್ಲರಿಗೂ ಹೇಳೋಣ’ ಎಂದು ಅತ್ತೆಯೇ ಹೇಳಿದ್ದರು. ಅಪ್ಪನಿಗೆ ಬಾಯಿ ಕಟ್ಟಿಕೊಂಡಿರಲು ಆಗಲಿಲ್ಲ. ಎದುರುಮನೆ ಟೈಲರಿಗೆ ಹೇಳಿದ. ದಾರಿಯಲ್ಲಿ ಸಿಕ್ಕ ಸೂಪರ್‌ವೈಸರಿಗೂ ಹೇಳಿದ. ಭಾನುವಾರ ಊಟ ಮುಗಿಸಿ ಅವರಿಬ್ಬರೂ ಬಂದರು. ಅಮ್ಮ ಕುರ್ಚಿ ಸಾಲಾಗಿ ಹಾಕಿದಳು. ಅತ್ತೆಗೆ ಕಸಿವಿಸಿಯಾಯಿತು, ಖುಷಿಯೂ ಆಯಿತು. ತನ್ನ ಕೆಲಸ ನೋಡಲು ಜನ ಕುರ್ಚಿ ಹಾಕಿಕೊಂಡು ಕೂತದ್ದು ಅದೇ ಮೊದಲು. ಯಾರನ್ನೂ ಎಬ್ಬಿಸಲಿಲ್ಲ.

ಫೋನು ಬಡಿಯಿತು. ಪೆಟ್ಟಿಗೆ ಎತ್ತಿಕೊಂಡು ಕಿರುಚಿತು, ಆ ಕಡೆಯ ಪೆಟ್ಟಿಗೆಯೂ ಕಿರುಚಿತು, ಆಮೇಲೆ ಎರಡೂ ಸುಮ್ಮನಾದವು. ಕೆಂಪು ದೀಪಗಳು ಮಿಣುಕಿದವು. ಪರದೆಯ ಮೇಲೆ ಮೆಕ್ಯಾನಿಕ್ಕರ ಹೆಸರು ಮೂಡಿತು. ಅಪ್ಪ ಚಪ್ಪಾಳೆ ತಟ್ಟಿದ. ಸ್ವಲ್ಪ ಹೊತ್ತಿಗೆ ಅವರು ಮನೆಯವರನ್ನು ಮಾತಿಗೆ ಕರೆಯುವ ಗಂಟೆ ಒತ್ತಿದರು; ಅತ್ತೆ ಕೂತರು.

ಆ ಕಡೆ ಒತ್ತಿದ ಒಂದೊಂದು ಅಕ್ಷರವೂ ಈ ಕಡೆ ಒತ್ತಿದಂತೆಯೇ ಕಾಣುತ್ತಿತ್ತು. ಅಳಿಸಿದರೆ ಅಳಿಸಿದ್ದೂ ಕಾಣುತ್ತಿತ್ತು. ಮೆಕ್ಯಾನಿಕ್ ಮೆಲ್ಲನೆ ಒತ್ತುವವರು.

‘ನಮ... ನಮಸ್ಕಾರ ಅಂತಾನೆ ನೋಡಿ!’ ಎಂದರು ಸೂಪರ್‌ವೈಸರ್. ನಮಸ್ಕಾರವೇ ಬಂತು. ಎಲ್ಲರೂ ನಕ್ಕರು. ಅಲ್ಲಿಂದ ಆಟ ಶುರುವಾಯಿತು. ಪದ ಅರ್ಧ ಮೂಡುವಷ್ಟರಲ್ಲಿ ಇಡೀ ಕೋಣೆ ಅದನ್ನು ಕೂಗಿ ಮುಗಿಸುವುದು. ಅಪ್ಪ ಒಂದು, ಅಮ್ಮ ಒಂದು, ಟೈಲರ್ ಒಂದು. ಸರಿಯಾದರೆ ಚಪ್ಪಾಳೆ, ತಪ್ಪಾದರೆ ‘ಓಹೋ’.

‘ಎಕ್ಸ್‌ಚೇಂಜಿನಲ್ಲಿ ನೀವೊಬ್ಬರೇ’ ಎಂದು ಬಂತು. ನಿಂತಿತು.

‘ಒಬ್ಬರೇ ಕೆಲಸ ಮಾಡೋದು! ಹಂಗೇ ಅಂತಾನೆ, ನನ್ನ ಮರ್ಯಾದೆ ತೆಗೀತಾನೆ’ ಎಂದರು ಸೂಪರ್‌ವೈಸರ್.

‘ಒಬ್ರೇ ಒಳ್ಳೇವ್ರು’ ಎಂದಳು ಅಮ್ಮ.

‘ಅಲ್ಲ ಅಲ್ಲ, ಒಬ್ರೇ ಬುದ್ಧಿವಂತ್ರು!’ ಎಂದು ಜೋರಾಗಿ ಕೂಗಿದವರು ಅತ್ತೆ. ಕೂಗಿ, ತಾವೇ ನಕ್ಕರು.

ಅಕ್ಷರಗಳು ಮುಂದುವರಿದವು. ‘ನೀವೊಬ್ಬರೇ ನನ್ನ ಮಾತು ಮುಗಿಯುವ ತನಕ ಕಾಯುವವರು.’

ಟೈಲರರ ಚಪ್ಪಾಳೆ ಒಂದೇ ಸಲ ಕೇಳಿಸಿ ನಿಂತಿತು. ಅಮ್ಮ ಕತೆ ನಿಲ್ಲಿಸಿ ಒಲೆಯ ಕಡೆ ಹೋಗುವುದು ಇಲ್ಲಿ.

ಪರದೆಯ ಮೇಲೆ ಮತ್ತೊಂದು ಸಾಲು ಬಂತು: ‘ಅಕ್ಕಾ, ಅಲ್ಲಿ ಬೇರೆ ಯಾರಾದರೂ ಇದ್ದಾರಾ?’

ಅತ್ತೆಯ ಬೆರಳುಗಳು ಕೀಲಿಗಳ ಮೇಲಿದ್ದವು. ಹಿಂದೆ ಕುರ್ಚಿಗಳ ಸಾಲು. ಅತ್ತೆ ‘ಇಲ್ಲ’ ಎಂದು ಒತ್ತಿದರು.

ಯಾಕೆ ಎಂದು ನಾನು ಎಷ್ಟೋ ಸಲ ಕೇಳಿದ್ದೇನೆ. ಅವರ ಮನಸ್ಸಿಗೆ ನೋವಾಗಬಾರದು ಅಂತಲಾ ಎಂದು ದಾರಿ ಮಾಡಿಕೊಟ್ಟೂ ನೋಡಿದ್ದೇನೆ. ಅತ್ತೆ ಆ ದಾರಿ ಹಿಡಿಯಲಿಲ್ಲ. ‘ಅದೆಲ್ಲ ಏನಿಲ್ಲ. ಇದ್ದಾರೆ ಅಂದ್ರೆ ಅವರು ನಿಲ್ಲಿಸಿಬಿಡ್ತಿದ್ರು. ಇನ್ನೂ ಬರೀಲಿ ಅಂತ ನನಗೆ ಆಸೆ. ನನ್ನ ಬಗ್ಗೆ ಇನ್ನೂ ಏನೇನು ಬರೀತಾರೋ, ಇವರೆಲ್ಲ ನೋಡ್ಲಿ ಅಂತ.’ ಇದನ್ನು ಹೇಳುವಾಗ ಅತ್ತೆ ಹುರುಳಿಕಾಯಿಯ ನಾರು ತೆಗೆಯುತ್ತಿದ್ದರು. ತೆಗೆದ ನಾರನ್ನು ಮತ್ತೆ ತೆಗೆದರು.

ಮೆಕ್ಯಾನಿಕ್ ಬರೆದದ್ದು ಅತ್ತೆಯ ಬಗ್ಗೆ ಅಲ್ಲ. ‘ಹಾಗಾದರೆ ಒಂದು ವಿಷಯ ಹೇಳುತ್ತೇನೆ, ಯಾರಿಗೂ ಹೇಳಿಲ್ಲ’ ಎಂದು ಶುರುಮಾಡಿದರು. ‘ಬಡ್ತಿ ಬಂದಾಗಲೆಲ್ಲ ನನ್ನ ಅಮ್ಮನಿಗೆ ಹುಷಾರಿಲ್ಲ, ಓಡಾಡುವ ಕೆಲಸ ಆಗದು ಎಂದು ಬಿಟ್ಟುಕೊಟ್ಟದ್ದು ಸುಳ್ಳು. ಅಮ್ಮ ಗಟ್ಟಿಮುಟ್ಟಾಗಿದ್ದಾಳೆ. ಆ ಕುರ್ಚಿಗೆ ಹೋದರೆ ಮೇಲಿನವರ ಫೋನು ಎತ್ತಿ ಉತ್ತರ ಹೇಳಬೇಕು. ಫೋನಿನ ಕೆಲಸದವನಿಗೆ ಫೋನು ಕಂಡರೆ ಭಯ ಎಂದು ಹೇಗೆ ಹೇಳಲಿ. ಅಮ್ಮನೂ ಬೇಜಾರು ಮಾಡಿಕೊಳ್ಳುತ್ತಾಳೆ, ನನ್ನ ಹೆಸರು ಹೇಳಿ ಬಡ್ತಿ ಯಾಕೋ ಬಿಟ್ಟೆ ಅಂತ.’

ಒಂದೊಂದೇ ಅಕ್ಷರ ಬರುತ್ತಿತ್ತು. ಯಾರೂ ಕೂಗಲಿಲ್ಲ. ಯಾರೂ ಪರದೆಯಿಂದ ಕಣ್ಣನ್ನೂ ತೆಗೆಯಲಿಲ್ಲ. ಮೊದಲು ಎದ್ದವರು ಟೈಲರ್. ‘ನನಗೆ ಸ್ವಲ್ಪ ಹೊಲಿಗೆ ಇದೆ’ ಎಂದು ಯಾರ ಮುಖವನ್ನೂ ನೋಡದೆ ಹೊರಗೆ ಹೋಗಿ ಚಪ್ಪಲಿ ಮೆಟ್ಟಿದರು. ಭಾನುವಾರ ಅವರ ಅಂಗಡಿ ಮುಚ್ಚಿರುತ್ತದೆ. ಅಮ್ಮ ಅಪ್ಪನ ಅಂಗಿ ಜಗ್ಗಿದಳು. ಸೂಪರ್‌ವೈಸರ್ ಮಾತ್ರ ಕುರ್ಚಿಯನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡು, ‘ಪಾಪದವನು... ಹೇಳಬಾರದಾ ನನಗೆ’ ಎಂದರು. ನಿಜವಾದ ಮರುಕದಿಂದಲೇ ಹೇಳಿದರು.

ಅತ್ತೆ ಏನು ಉತ್ತರ ಒತ್ತಿದರೋ ಅವರಿಗೇ ನೆನಪಿಲ್ಲ. ಮೆಕ್ಯಾನಿಕ್ಕರ ಕೊನೆಯ ಸಾಲು ಮಾತ್ರ ನೆನಪಿದೆ: ‘ಇವತ್ತು ಹಗುರಾಯಿತು.’

ಆ ಸಂಜೆಯೇ ಹೋಗಿ ಹೇಳಬೇಕಿತ್ತು. ಅತ್ತೆ ಸೀರೆ ಬದಲಿಸಿ ಬಾಗಿಲ ತನಕ ಬಂದರು. ಅಪ್ಪ, ‘ಹೇಳಿ ಯಾಕೆ ಅವರಿಗೆ ಬೇಜಾರು ಮಾಡ್ತೀಯ ಅಕ್ಕ? ಸೂಪರ್‌ವೈಸರ್ ಏನು ಊರೆಲ್ಲ ಸಾರ್ತಾರಾ?’ ಎಂದ. ಅದು ಅತ್ತೆಗೆ ಬೇಕಾಗಿದ್ದ ಮಾತೇ. ಒಳಗೆ ಹೋದರು.

ಮರುದಿನ ಕೆಲಸ ಶುರುವಾಗುವ ಮೊದಲು, ಹಾಜರಿ ಹಾಕಲು ಎಲ್ಲರೂ ನಿಂತಿದ್ದಾಗ, ಸೂಪರ್‌ವೈಸರ್ ಮೆಕ್ಯಾನಿಕ್ಕರ ಹೆಗಲ ಮೇಲೆ ಕೈ ಹಾಕಿದರು. ಪ್ರೀತಿಯಿಂದ, ಎಲ್ಲರಿಗೂ ಕೇಳುವ ಹಾಗೆ ಹೇಳಿದರು.

‘ಏನಯ್ಯಾ, ಫೋನು ಎತ್ತೋಕೆ ಹೆದರ್ಕೊಂಡು ಬಡ್ತಿ ಬಿಟ್ಟೆಯಾ? ಹೇಳೋದಲ್ವಾ! ಅಮ್ಮನ ಮೇಲ್ಯಾಕೆ ಹಾಕ್ದೆ, ಪಾಪ ಆ ತಾಯಿ ಗುಂಡುಕಲ್ಲಿದ್ದ ಹಾಗಿದ್ದಾಳಂತೆ. ಫೋನಿಲ್ಲದ ಕುರ್ಚಿ ನೋಡ್ತೀನಿ ಬಿಡು ನಿನಗೆ.’

ಯಾರೋ ನಕ್ಕರು. ಯಾರೋ ‘ಟ್ರಿಣ್ ಟ್ರಿಣ್’ ಎಂದರು. ಮೆಕ್ಯಾನಿಕ್ ಸೂಪರ್‌ವೈಸರನ್ನು ನೋಡಲಿಲ್ಲ. ತಲೆಗಳ ಮೇಲಿಂದ ಬಿಲ್ಲಿನ ಕಿಟಕಿಯ ಕಡೆ ನೋಡಿದರು. ಅತ್ತೆ ಗಾಜಿನ ಹಿಂದೆ ಕೂತಿದ್ದರು. ಕಿಂಡಿಯ ಮುಚ್ಚಳ ಎಳೆದುಕೊಂಡು ಚಿಲ್ಲರೆ ಜೋಡಿಸುತ್ತಿರುವಂತೆ ಬಗ್ಗಿದರು.

ಮಧ್ಯಾಹ್ನ ಹೋಗಿ ಹೇಳಿದರು. ಮೆಕ್ಯಾನಿಕ್ ಒಳಕೋಣೆಯಲ್ಲಿ, ಊರಿನ ವೈರುಗಳೆಲ್ಲ ಬಂದು ಸೇರುವ ಕಬ್ಬಿಣದ ಚೌಕಟ್ಟಿನ ಮುಂದೆ ನಿಂತು ವೈರು ಕಟ್ಟುತ್ತಿದ್ದರು.

‘ಮೆಕ್ಯಾನಿಕ್ರೇ, ನಿನ್ನೆ ಕೋಣೇಲಿ ಜನ ಇದ್ರು. ಇಲ್ಲ ಅಂತ ನಾನು ಸುಳ್ಳು ಹೇಳ್ದೆ.’

ಅವರು ಕೈಯ ಕೆಲಸ ಬಿಡಲಿಲ್ಲ. ವೈರು ಕಟ್ಟುತ್ತಲೇ, ‘ಯಾ... ಯಾ...’ ಎಂದು ಶುರುಮಾಡಿದರು. ಅತ್ತೆ ಬಾಯಿ ಬಿಗಿಹಿಡಿದು ನಿಂತರು.

‘ಯಾರ್ಯಾರು?’

ಅತ್ತೆ ಹೇಳಿದರು. ತಮ್ಮ. ತಮ್ಮನ ಹೆಂಡತಿ. ಸೂಪರ್‌ವೈಸರ್. ಎದುರುಮನೆ ಟೈಲರ್. ಒಂದೊಂದು ಹೆಸರಿಗೂ ಮೆಕ್ಯಾನಿಕ್ ಒಂದು ಸಲ ತಲೆಯಾಡಿಸಿದರು. ಟೈಲರ್ ಎಂದಾಗ ಕೈ ನಿಂತಿತು. ಮೆಕ್ಯಾನಿಕ್ಕರ ತಾಯಿಯ ರವಿಕೆ ಹೊಲಿಯುವವರು ಆ ಟೈಲರೇ.

‘ನಗ್... ನಗ್ತಿದ್ರಾ?’

‘ಮೊದಲು ನಗ್ತಿದ್ರು. ನಾನೂ ನಗ್ತಿದ್ದೆ. ನಿಮ್ಮ ಮಾತನ್ನ ನಾನೂ ಕೂಗಿ ಮುಗಿಸ್ದೆ.’

ಇದನ್ನು ಹೇಳದಿದ್ದರೂ ಆಗುತ್ತಿತ್ತು, ಯಾರೂ ಹೇಳುತ್ತಿರಲಿಲ್ಲ ಎಂದು ನಾನೆಂದರೆ, ಅತ್ತೆ ಕೈಯ ಕೆಲಸಕ್ಕೆ ಮರಳುತ್ತಾರೆ. ಮೆಕ್ಯಾನಿಕ್ ಬಯ್ದಿದ್ದರೆ ಎಷ್ಟೋ ಚೆನ್ನಾಗಿತ್ತು. ‘ಸ್... ಸರಿ ಅಕ್ಕಾ, ಕಿಟಕೀಲಿ ಜನ ನಿಂತಿದ್ದಾರೆ’ ಎಂದರು.

ಅದಾದ ಮೇಲೆ ಬೋರ್ಡು ಮುಚ್ಚಿಬಿಡಬೇಕೆಂದು ಅತ್ತೆ ವೈರು ಕಿತ್ತಿಟ್ಟಿದ್ದರು. ಆದರೆ ಅವರು ಮೊದಲೇ ಬರೆದು ಕಳಿಸಿದ್ದ ನಂಬರು ಅಷ್ಟರಲ್ಲಿ ಆ ಪತ್ರಿಕೆಯಲ್ಲಿ ಅಚ್ಚಾಗಿಹೋಗಿತ್ತು. ಬೇರೆ ಬೇರೆ ಕಡೆಯಿಂದ ಜನ ಫೋನು ಮಾಡುತ್ತಿದ್ದರು, ಅವರಿಗೆ ಬರೀ ಬಡಿಯುವ ಗಂಟೆ ಕೇಳಿಸುತ್ತಿತ್ತು. ಮತ್ತೆ ವೈರು ಸೇರಿಸಿದರು. ಸೇರಿಸುವ ಮೊದಲು ಚುಕ್ಕಿ ಬಾಗಿಲನ್ನೂ ‘ಮಾತಿನ ಮನೆ’ ಎಂಬ ಹೆಸರನ್ನೂ ಅಳಿಸಿದರು. ಆ ಜಾಗದಲ್ಲಿ ಎರಡು ಸಾಲು ಬರೆದರು: ‘ನೀವು ಬರೆಯುವುದೆಲ್ಲ, ಅಳಿಸಿದ್ದೂ ಸೇರಿ, ಇಲ್ಲಿಯ ಪರದೆಯ ಮೇಲೆ ಕಾಣುತ್ತದೆ. ಈಗ ಪರದೆಯ ಮುಂದೆ ಇರುವವರು:’

ಮುಂದೆ ಹೆಸರುಗಳು. ಕೋಣೆಗೆ ಯಾರಾದರೂ ಬಂದರೆ ಅತ್ತೆ ಎದ್ದು ಅವರ ಹೆಸರನ್ನು ಸೇರಿಸುತ್ತಿದ್ದರು, ಹೋದರೆ ತೆಗೆಯುತ್ತಿದ್ದರು. ‘ಕಸ ಗುಡಿಸೋಕೆ ಬಂದ್ರೂ ನನ್ನ ಹೆಸರು ಬರೀತೀರಲ್ಲ ಅತ್ತಿಗೆ, ಪೊಲೀಸ್ ಠಾಣೆ ಆಯ್ತು ಇದು’ ಎಂದು ಅಮ್ಮ ಗೊಣಗುತ್ತಿದ್ದಳು. ಗೊಣಗಿದರೂ ಬಾಗಿಲಲ್ಲಿ ನಿಂತು, ‘ಬರ್ಲಾ? ಬರ್ಕೊಂಡ್ರಾ?’ ಎಂದು ಕೇಳಿಯೇ ಒಳಗೆ ಬರುತ್ತಿದ್ದಳು.

ಜನ ಬಂದರು. ಹಳೆಯ ರೇಡಿಯೋ ರಿಪೇರಿಯವರು, ಕಾಲೇಜಿನ ಹುಡುಗಿಯರು, ಕುರ್ಚಿಯಿಂದ ಏಳಲಾಗದ ಒಬ್ಬ ಶಾಲೆಯ ಮೇಷ್ಟ್ರು. ಪರಸ್ಪರ ಮುಖ ನೋಡದವರು ಅಲ್ಲಿ ಸ್ನೇಹಿತರಾದರು. ಅತ್ತೆ ಮತ್ತೆ ಜನರನ್ನು ಜನರಿಗೆ ಸೇರಿಸಿದರು. ಅದರ ಬಗ್ಗೆ ಯಾರಾದರೂ ಹೊಗಳಿದರೆ ಮಾತು ಬದಲಿಸುತ್ತಾರೆ.

ಮೆಕ್ಯಾನಿಕ್ ಮತ್ತೆ ಕರೆ ಮಾಡಲಿಲ್ಲ. ಎಕ್ಸ್‌ಚೇಂಜಿನಲ್ಲಿ ಎದುರಾದರೆ ತಲೆಬಾಗಿಸುತ್ತಿದ್ದರು, ಅಷ್ಟೇ. ಫೋನಿಲ್ಲದ ಆ ಕುರ್ಚಿಯನ್ನೂ ತೆಗೆದುಕೊಳ್ಳಲಿಲ್ಲ. ಬೇರೆ ಊರಿಗೆ ವರ್ಗ ಕೇಳಿಕೊಂಡರು. ಹೊರಡುವ ದಿನ ಬಿಲ್ಲಿನ ಕಿಟಕಿಗೆ ಬಂದು ಎಲ್ಲರ ಹಾಗೆ ಸಾಲಿನಲ್ಲಿ ನಿಂತು, ಮನೆಯ ಫೋನಿನ ಕೊನೆಯ ಬಿಲ್ಲು ಕಟ್ಟಿದರು. ಅತ್ತೆ ರಸೀದಿ ಕೊಟ್ಟರು. ಅವರ ಹಿಂದೆ ಜನ ಇದ್ದರು. ಅತ್ತೆ ಒಮ್ಮೆ ಅವರೆಲ್ಲರನ್ನೂ ನೋಡಿ, ಇವರ ಮುಂದೆ ಹೇಳುವ ಮಾತಲ್ಲ ಎಂದು, ಮುಂದಿನವರ ಬಿಲ್ಲಿಗೆ ಕೈ ಚಾಚಿದರು.