ಒಂದೇ ಹಲಗೆಯ ಏಳು ಹಾಳೆ

ಹೋದ ವಾರ ಬಾಗಿಲಿಗೆ ಬಣ್ಣ ಹೊಡೆಯಲು ಬಂದವನು ಡಬ್ಬಿ ತೆರೆದ. ಅಗಸೆ ಎಣ್ಣೆಯ ವಾಸನೆ ಅಡುಗೆಮನೆಯವರೆಗೂ ಬಂತು. ಸೊಪ್ಪು ಬಿಡಿಸುತ್ತಿದ್ದ ನನ್ನ ಕೈ ನಿಂತುಬಿಟ್ಟಿತು. ಆ ವಾಸನೆ ನನಗೆ ಇವತ್ತಿಗೂ ಆಗುವುದಿಲ್ಲ...

ಹತ್ತಿರದ ಮಧುರೆ ಹಳ್ಳಿಯಿಂದ ದೊಡ್ಡಬಳ್ಳಾಪುರಕ್ಕೆ ಸೊಸೆಯಾಗಿ ಬಂದಾಗ ನನಗೆ ಹತ್ತೊಂಬತ್ತು. ಅರವತ್ತರ ದಶಕದ ಕೊನೆ. ನಮ್ಮದು ಮಗ್ಗದ ಮನೆ. ಪಕ್ಕದ ಮನೆಯಲ್ಲಿ ಒಬ್ಬರು ಅಣ್ಣ ಇದ್ದರು, ಸೀರೆಯ ಅಂಚಿಗೆ ಡಿಸೈನ್ ಬರೆಯುವವರು. ಚೌಕಳಿ ಕಾಗದದ ಮೇಲೆ ಮಾವಿನಕಾಯಿ, ನವಿಲು, ಹಂಸ, ವಾರವೆಲ್ಲ ಅದೇ. ಭಾನುವಾರ ಮಾತ್ರ ಅವರು ನವಿಲಿನ ತಂಟೆಗೆ ಹೋಗುತ್ತಿರಲಿಲ್ಲ. ಹಿತ್ತಲಲ್ಲಿ ಕೂತು ಮರದ ಹಲಗೆ ಕೊರೆದು, ಅಗಸೆ ಎಣ್ಣೆಯಲ್ಲಿ ಕಲಸಿದ ಬಣ್ಣ ಸವರಿ, ಹಾಳೆಗೆ ಅಚ್ಚು ತೆಗೆಯುತ್ತಿದ್ದರು. ಎರಡು ಮನೆಗೂ ಹಿತ್ತಲು ಒಂದೇ. ನಾನು ಪಾತ್ರೆ ತೊಳೆಯುತ್ತಾ ನೋಡುತ್ತಿದ್ದೆ.

ಹಾಳೆಯ ಮೇಲಿರುವುದು ಏನೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ನಮ್ಮತ್ತೆ ಅದನ್ನು ಮಸಿಬಟ್ಟೆ ಎಂದು ಆಡಿಕೊಳ್ಳುತ್ತಿದ್ದರು. ಒಮ್ಮೆ ನಾನೇ ಕೇಳಿದೆ.

“ಮಾವಿನಕಾಯಿ ಕಣಮ್ಮ,” ಎಂದರು. “ತೊಟ್ಟು ತೆಗ್ದೆ, ಮೂತಿ ತೆಗ್ದೆ, ಹಸಿರೂ ತೆಗ್ದೆ. ಎಲ್ಲಾ ತೆಗ್ದ್ಮೇಲೂ ಕೈಯಲ್ಲಿ ಒಂದು ಭಾರ ಉಳ್ಕೊಳ್ತದಲ್ಲ, ಅದು.”

ನಕ್ಕುಬಿಟ್ಟೆ. ಆದರೆ ಆಮೇಲೆ ಆ ಹಾಳೆ ಕಂಡಾಗೆಲ್ಲ ಅಂಗೈ ಭಾರವಾದಂತೆ ಅನಿಸುತ್ತಿತ್ತು.

ಅವರ ಕೆಲಸದ ರೀತಿಯೇ ಹಟಮಾರಿಯದು. ಒಂದು ಬಣ್ಣ ಎಲ್ಲ ಹಾಳೆಗೂ ಒತ್ತಿ, ಸೌಟಿನ ಬೆನ್ನಿನಿಂದ ಉಜ್ಜಿ, ಒಣಗಿದ ಮೇಲೆ ಅದೇ ಹಲಗೆಯನ್ನು ಇನ್ನಷ್ಟು ಕೊರೆದು ಮುಂದಿನ ಬಣ್ಣ. ಕೊನೆಯ ಬಣ್ಣದ ಹೊತ್ತಿಗೆ ಹಲಗೆಯಲ್ಲಿ ಮೊದಲಿನದೇನೂ ಉಳಿದಿರುತ್ತಿರಲಿಲ್ಲ. ಮತ್ತೆ ಮೊದಲಿನಿಂದ ಒತ್ತುವ ಮಾತೇ ಇಲ್ಲ. ಕೊನೆಗೆ ಯಾವುದೂ ಮನಸ್ಸಿಗೆ ಒಪ್ಪದೆ ಹರಿದು ಹಾಕುತ್ತಿದ್ದರು. ಹೀಗಾಗಿ ಹಳೆಯದೊಂದೂ ಅವರ ಬಳಿ ಇರಲಿಲ್ಲ.

ಒಂದು ಸಲ ಬೆಂಗಳೂರಿನಿಂದ ಕಾಗದ ಬಂತು. ಯಾರೋ ಪ್ರದರ್ಶನ ಮಾಡುತ್ತಾರಂತೆ, ಇವರ ಅಚ್ಚುಗಳನ್ನು ತಿಂಗಳ ಕೊನೆಯ ಸೋಮವಾರದೊಳಗೆ ತರಬೇಕಂತೆ. ನಲವತ್ತು ದಾಟಿದ ಮನುಷ್ಯನಿಗೆ ಬಂದ ಮೊದಲನೆಯ ಕರೆ ಅದು. ನಾಲ್ಕು ಬಣ್ಣ, ಏಳು ಹಾಳೆ. ಎರಡು ದಿನ ಮುಂಚೆ ಕೊನೆಯ ಕಪ್ಪು ಒತ್ತಿ, ಹಾಳೆಗಳನ್ನು ಹಿತ್ತಲ ಹಗ್ಗಕ್ಕೆ ಸಿಕ್ಕಿಸಿ, ಅವನ್ನು ಸುತ್ತಿ ಒಯ್ಯುವ ಕಾಗದ ತರಲು ಪೇಟೆಗೆ ಹೋದರು. ಅವರ ಹೆಂಡತಿ, ಮಗಳನ್ನು ಕರೆದುಕೊಂಡು ತವರಿಗೆ ಹೋಗಿದ್ದರು.

ಅಷ್ಟರಲ್ಲಿ ಮೋಡ ಕವಿಯಿತು.

ಮಗ್ಗದ ಮನೆಗೆ ಬಂದ ದಿನದಿಂದ ನನಗೆ ಕಲಿಸಿದ್ದು ಒಂದೇ. ಮೋಡ ಕಂಡರೆ ಹಗ್ಗದ ಮೇಲಿನ ನೂಲಿನ ಲಡಿಗಳನ್ನು ಬಾಚಿ ತಬ್ಬಿಕೊಂಡು ಒಳಗೆ ಓಡಬೇಕು. ಓಡಿದೆ. ಏಳೂ ಹಾಳೆಗಳನ್ನು ಒಂದರ ಮೇಲೊಂದು ಒತ್ತಿ ತಬ್ಬಿಕೊಂಡು ತಂದು, ಹಾರದಿರಲೆಂದು ಮೇಲೊಂದು ಮಣೆ ಹೇರಿದೆ. ಪುಣ್ಯದ ಕೆಲಸ ಮಾಡಿದೆನೆಂದು ಬೀಗಿದ್ದೆ ಬೇರೆ.

ಎಣ್ಣೆ ಬಣ್ಣ ಹಸಿಯಾಗಿಯೇ ಇತ್ತು. ಅವರು ಬಂದು ಮಣೆ ಎತ್ತಿ, ಮೇಲಿನ ಹಾಳೆ ಬಿಡಿಸಿದರು. ಅದರ ಕಪ್ಪೆಲ್ಲ ಕೆಳಗಿನದರ ಬೆನ್ನಿಗೆ ಅಂಟಿಕೊಂಡು ಬಂತು. ಎರಡನೆಯದೂ ಹಾಗೇ. ಮೂರನೆಯದು ಹರಿಯಿತು. ಉಳಿದವನ್ನು ಅವರು ಬಿಡಿಸಲೇ ಇಲ್ಲ.

“ನೀನು ಒಳ್ಳೇದಕ್ಕೇ ಮಾಡ್ದೆ, ಬಿಡಮ್ಮ,” ಎಂದರು.

ಬೈದಿದ್ದರೆ ಚೆನ್ನಾಗಿತ್ತು... ಮಳೆ ಮಾತ್ರ ಬರಲಿಲ್ಲ.

ಅವರು ಬೆಂಗಳೂರಿಗೆ ಹೋಗಲಿಲ್ಲ. ಮತ್ತೊಂದು ಕಾಗದವೂ ಬರಲಿಲ್ಲ. ಭಾನುವಾರವೂ ನವಿಲು ಬರೆಯತೊಡಗಿದರು. ನಾನು ಕಣ್ಣು ತಪ್ಪಿಸಿ ಓಡಾಡುತ್ತಿದ್ದೆ. ಕೆಲವು ವರ್ಷಕ್ಕೆ ಅವರು ಊರು ಬಿಟ್ಟರು, ಆಮೇಲೆ ತೀರಿಕೊಂಡ ಸುದ್ದಿ ಬಂತು.

ಈಚೆಗೆ ದೇವನಹಳ್ಳಿಯ ಒಂದು ಮದುವೆಯಲ್ಲಿ ಅವರ ಮಗಳು ಸಿಕ್ಕಿದ್ದಳು. ಅವಳ ತಲೆಯೂ ನೆರೆತಿದೆ. ಪಕ್ಕದಲ್ಲಿ ಕೂತು ಕೇಳಿದಳು.

“ಅತ್ತೆ, ನಮ್ಮಪ್ಪ ಭಾನುವಾರ ಹಿತ್ತಲಲ್ಲಿ ಏನೋ ಮಾಡ್ತಿದ್ರಂತೆ, ಅಮ್ಮ ಹೇಳ್ತಿದ್ರು. ನಾನಾಗ ಚಿಕ್ಕೋಳು. ನೀವು ನೋಡಿದ್ರಾ?”

ನೋಡಿದವರಲ್ಲಿ ಈಗ ಉಳಿದಿರುವುದು ನಾನೊಬ್ಬಳೇ. ಹೇಳಬೇಕಿತ್ತು.

“ನಂಗೂ ಜ್ಞಾಪಕ ಇಲ್ಲ ಕಣಮ್ಮ,” ಎಂದೆ.