ಹೊಸ ಕಾಂಕ್ರೀಟಿನ ಮೇಲೆ ಉಪ್ಪು

ಸ್ನೇಹಿತರೇ, ಬೆಂಗಳೂರಿನ ಬಸವೇಶ್ವರನಗರದಲ್ಲಿ ಹಿಮ ಬಿದ್ದರೂ ಇನ್ನು ನಮ್ಮ ಮನೆ ಮುಂದಿನ ಕಾಂಕ್ರೀಟು ಬಿರಿಯುವುದಿಲ್ಲ. ಕೆನಡಾದಿಂದ ಬಂದಿರುವ ಅಕ್ಕನ ಗಂಡ ಇವತ್ತು ಹಳೆಯದನ್ನು ಪೂರ್ತಿ ಒಡೆಸಿ, ಜಲ್ಲಿ ತುಂಬಿಸಿ, ಇಳಿಜಾರು ಕೊಡಿಸಿ, ತಾವೇ ನಿಂತು ಹೊಸದು ಹಾಕಿಸಿದರು. ಭಾನುವಾರದ ಟೀವಿ ಸಿನಿಮಾ ಬಿಟ್ಟು ಬಂದ ಬೀದಿಯವರಿಗೆಲ್ಲ ಪಾಠ ಬೇರೆ.

“ಬಿರುಕಲ್ಲಿ ನೀರು ಹೆಪ್ಪುಗಟ್ಟಿ ಉಬ್ಬಿದ್ರೆ ಎಲ್ಲಾ ಒಡೆದುಹೋಗತ್ತೆ. ಅಲ್ಲಿ ಹಿಮ ಕರಗ್ಲಿ ಅಂತ ಉಪ್ಪು ಹಾಕ್ತಾರೆ. ಹೊಸ ಕಾಂಕ್ರೀಟಿಗೆ ಅದೇ ವಿಷ!”

ಪಾಠ ಮುಗಿಯುವಷ್ಟರಲ್ಲಿ ಭಾವನಿಗೆ ತಲೆನೋವು.

“ಅಷ್ಟು ಜನ ನೋಡಿದ್ರೆ ದೃಷ್ಟಿ ಆಗದೆ ಇರತ್ತಾ?” ಎಂದ ಅಮ್ಮ, ಮುಷ್ಟಿ ತುಂಬ ಕಲ್ಲುಪ್ಪು, ಮೆಣಸಿನಕಾಯಿ ಹಿಡಿದು ಅವರಿಗೆ ನಿವಾಳಿಸಿ, ಬಾಗಿಲಿಂದಲೇ ಬೀದಿಯ ಕಡೆಗೆ ಎಸೆದರು. ಬೀದಿ ದೂರವಿತ್ತು. ಎಲ್ಲವೂ ಹಸಿ ಕಾಂಕ್ರೀಟಿನ ಮೇಲೆ ಬಿತ್ತು.

“ಅತ್ತೇ, ಉಪ್ಪು!” ಭಾವ ಎದ್ದು ಓಡಿದರು.

“ಮುಟ್ಬೇಡಿ! ನಿವಾಳಿಸಿದ್ದನ್ನ ಮುಟ್ಟಿದ್ರೆ ದೃಷ್ಟಿ ವಾಪಸ್ ಬರತ್ತೆ,” ಎಂದು ಅಮ್ಮ ಅಡ್ಡ ನಿಂತರು.

ಯಾರೂ ಮುಟ್ಟಿಲ್ಲ. ಈಗ ಹಿಮ ಬೀಳಲಿ, ನೋಡೋಣ. ಅದನ್ನು ಕರಗಿಸಲು ಮುಂಚಿತವಾಗಿಯೇ ಉಪ್ಪು ಹಾಕಿಕೊಂಡು ಕೂತಿರುವ ಮನೆ ಇಡೀ ಬೆಂಗಳೂರಿಗೆ ನಮ್ಮದೊಂದೇ!